ಮಾದರಿ ರೈಲಿನ ನಿಸ್ತಂತು ನಿಯಂತ್ರಣ: ತಾಳಗುಪ್ಪ ಮಾರ್ಗದ ಪ್ರತಿರೂಪವೊಂದನ್ನು ಕುರಿತು

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕುಗಳಲ್ಲಿ ರೈಲು ಓಡುವುದಿಲ್ಲ. ಇಲ್ಲಿಯ ವಿದ್ಯಾರ್ಥಿ ರೈಲನ್ನು ಕಾಣಬೇಕಾದರೆ ಘಟ್ಟವಿಳಿದು ಕರಾವಳಿಗೆ ಹೋಗಬೇಕು, ಇಲ್ಲವೆ ಹುಬ್ಬಳ್ಳಿಗೋ ತಾಳಗುಪ್ಪಕ್ಕೋ ಪ್ರಯಾಣ ಮಾಡಬೇಕು. ಆದುದರಿಂದ ಆಧುನಿಕ ಕರ್ನಾಟಕದ ಇತಿಹಾಸವನ್ನು ಬೋಧಿಸುವಾಗ ರೈಲುಮಾರ್ಗಗಳ ಅಧ್ಯಾಯ ಬಂದೊಡನೆ ಪಾಠವು ಬರಿಯ ಇಸವಿಗಳ ಪಟ್ಟಿಯಾಗಿಬಿಡುತ್ತದೆ. ಈ ಕೊರತೆಯನ್ನು ತಕ್ಕಮಟ್ಟಿಗೆ ನೀಗಬೇಕೆಂದು ಪ್ರಸ್ತುತ ಲೇಖಕನೂ ಕೆಲವರು ವಿದ್ಯಾರ್ಥಿಗಳೂ ಸೇರಿ ಸಾಗರ-ತಾಳಗುಪ್ಪ ಮಾರ್ಗದ ಚಿಕ್ಕ ಪ್ರತಿರೂಪವೊಂದನ್ನು ಮೂರು ಹಲಗೆಗಳ ಮೇಲೆ ನಿರ್ಮಿಸಿದೆವು. ಅದನ್ನು ನಡೆಸಲು ಯಾವ ನಿಯಂತ್ರಣ ವ್ಯವಸ್ಥೆ ತಕ್ಕುದೆಂಬ ಪ್ರಶ್ನೆ ನಾವೆಣಿಸಿದ್ದಕ್ಕಿಂತ ಜಟಿಲವಾಗಿ ಪರಿಣಮಿಸಿತು. ಇಂಥ ಪ್ರಯತ್ನಕ್ಕೆ ಕೈಹಾಕುವ ಇತರ ಅಧ್ಯಾಪಕರಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಮಾರ್ಗದ ವಿಷಯ. ಮೈಸೂರು ಸಂಸ್ಥಾನವು ಶಿವಮೊಗ್ಗದಿಂದ ಸಾಗರದ ಮೇಲೆ ಹಾಯಿಸಿದ ಮೀಟರ್ ಗೇಜ್ ಹಳಿ 1940ರ ವೇಳೆಗೆ ತಾಳಗುಪ್ಪವನ್ನು ಮುಟ್ಟಿ ಅಲ್ಲಿಯೇ ನಿಂತಿತು. ಅಲ್ಲಿಂದ ಸಿದ್ದಾಪುರಕ್ಕೆ ಸುಮಾರು 15 ಕಿಲೋಮೀಟರು ದೂರ. ಆದರೆ ಸಿದ್ದಾಪುರವಿದ್ದ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಸಂಸ್ಥಾನದ ಹಳಿ ಸಂಸ್ಥಾನದ ಅಂಚಿನಲ್ಲಿ ಕೊನೆಗೊಂಡುದರಲ್ಲಿ ಆಶ್ಚರ್ಯವೇನೂ ಇಲ್ಲ. 1956ರಲ್ಲಿ ಗಡಿ ಅಳಿಯಿತು, ಹಳಿ ಮುಂದುವರಿಯಲಿಲ್ಲ. ಘಟ್ಟದ ಇಳಿಜಾರು, ದಟ್ಟವಾದ ಕಾಡು ಇವೂ ಅಡ್ಡಿಯಾದುವೆಂಬುದನ್ನು ಮರೆಯುವಂತಿಲ್ಲ. 2011ರ ವೇಳೆಗೆ ಈ ಮಾರ್ಗ ಬ್ರಾಡ್ ಗೇಜಿಗೆ ಪರಿವರ್ತಿತವಾದರೂ ಅದರ ಕೊನೆಯ ನಿಲ್ದಾಣ ಇಂದಿಗೂ ತಾಳಗುಪ್ಪವೇ. ಯಲ್ಲಾಪುರವನ್ನು ಹಾಯಬೇಕಾದ ಹುಬ್ಬಳ್ಳಿ-ಅಂಕೋಲಾ ಮಾರ್ಗ 1990ರ ದಶಕದಲ್ಲಿ ಮಂಜೂರಾಗಿಯೂ ಅರಣ್ಯದ ವಿವಾದದಲ್ಲಿ ಸಿಕ್ಕಿಕೊಂಡಿತು. ನಮ್ಮ ಮೂರನೆಯ ಹಲಗೆಯಲ್ಲಿ ತಾಳಗುಪ್ಪದಿಂದಾಚೆ ಸಿದ್ದಾಪುರದವರೆಗೆ ಹಳಿಯನ್ನೂ ಹಾಕೋಣವೆಂದು ವಿದ್ಯಾರ್ಥಿಗಳು ಬಹಳ ಆಗ್ರಹಪಡಿಸಿದರು. ನಾನು ಒಪ್ಪಲಿಲ್ಲ. ಇಲ್ಲದ ಹಳಿಯನ್ನು ಹಾಕಿ ತೋರಿಸುವುದು ಇತಿಹಾಸದ ಅಧ್ಯಾಪಕನ ಕೆಲಸವಲ್ಲ. ಅಲ್ಲಿ ಒಂದು ಗಡಿಕಲ್ಲನ್ನು ನೆಟ್ಟು, ಮುಂದಿನ ನೆಲವನ್ನು ಬರಿದಾಗಿಯೇ ಬಿಟ್ಟೆವು.

ಇನ್ನು ನಿಯಂತ್ರಣದ ವಿಚಾರ. ಹಳೆಯ ಪದ್ಧತಿಯಲ್ಲಿ ಹಳಿಯಲ್ಲಿ ಹರಿಯುವ ವಿದ್ಯುತ್ತಿನ ಒತ್ತಡವನ್ನು ಏರಿಳಿಸುವುದರಿಂದ ಎಂಜಿನ್ನಿನ ವೇಗ ಹೆಚ್ಚುಕಡಿಮೆಯಾಗುತ್ತದೆ. ಇದರ ದೋಷವೆಂದರೆ, ಆ ಹಳಿಯ ಮೇಲಿರುವ ಎಂಜಿನ್ನುಗಳೆಲ್ಲ ಏಕಕಾಲದಲ್ಲಿ ಚಲಿಸುವುವು. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸಬೇಕಾದರೆ ಹಳಿಯನ್ನು ತುಂಡುತುಂಡಾಗಿ ಬೇರ್ಪಡಿಸಿ, ಪ್ರತಿಯೊಂದು ತುಂಡಿಗೂ ಸ್ವಿಚ್ಚನ್ನಿಡಬೇಕು. ಅಂಕೀಯ ಪದ್ಧತಿಯಲ್ಲಿ ಹಾಗಲ್ಲ. ಹಳಿಯಲ್ಲಿ ವಿದ್ಯುತ್ತು ಸದಾ ಒಂದೇ ಪ್ರಮಾಣದಲ್ಲಿದ್ದು, ಅದರ ದಿಕ್ಕು ಮಾತ್ರ ಅತಿ ವೇಗವಾಗಿ ಪಲ್ಲಟವಾಗುತ್ತದೆ. ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅಂಥ 58 ಪಾಲಿಗೊಮ್ಮೆ ಪಲ್ಲಟವಾದುದು 'ಒಂದು' ಎಂಬ ಅಂಕಿ; 100 ಪಾಲು ಅಥವಾ ಇನ್ನೂ ಹೆಚ್ಚು ಹಿಡಿದುದು 'ಸೊನ್ನೆ'. ಈ ಅಂಕಿಗಳಿಂದ ಕೂಡಿದ ಪ್ರತಿಯೊಂದು ಆಜ್ಞೆಯಲ್ಲೂ ಮೊದಲು ಎಂಜಿನ್ನಿನ ವಿಳಾಸ, ಬಳಿಕ ಮಾಡಬೇಕಾದ ಕೆಲಸ, ಕೊನೆಗೆ ತಾಳೆ ನೋಡುವುದಕ್ಕಾಗಿ ಒಂದು ಸಂಖ್ಯೆ ಇರುತ್ತವೆ. ಎಂಜಿನ್ನಿನೊಳಗಿರುವ ಡಿಕೋಡರ್ ತನ್ನ ವಿಳಾಸದ ಆಜ್ಞೆಯನ್ನು ಮಾತ್ರ ಎತ್ತಿಕೊಳ್ಳುತ್ತದೆ; ತಾಳೆಯಾಗದ ಆಜ್ಞೆಯನ್ನು ಕೈಬಿಡುತ್ತದೆ. ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘವು ಜರ್ಮನಿಯ ಲೆನ್ಜ್ ಸಂಸ್ಥೆಯ ಪದ್ಧತಿಯನ್ನು ಆಧರಿಸಿ 1990ರ ದಶಕದ ಆದಿಯಲ್ಲಿ ಇದನ್ನು ಡಿಸಿಸಿ ಎಂಬ ಹೆಸರಿನ ಮಾನಕವನ್ನಾಗಿ ಅಂಗೀಕರಿಸಿತು. ಆದುದರಿಂದ ಒಬ್ಬ ತಯಾರಕನ ಎಂಜಿನ್ನು ಇನ್ನೊಬ್ಬನ ಆಜ್ಞೆಯನ್ನು ಪಾಲಿಸಬಲ್ಲದು.

'ನಿಸ್ತಂತು' ಎಂಬ ಮಾತು ಅಂಗಡಿಯವರ ಬಾಯಲ್ಲಿ ಎರಡು ಬೇರೆ ಬೇರೆ ಅರ್ಥಗಳಲ್ಲಿ ಬರುತ್ತದೆ. ಕೊಳ್ಳುವವರು ಮೋಸಹೋಗುವುದು ಇಲ್ಲಿಯೇ. ಒಂದರಲ್ಲಿ ಕೈಯಲ್ಲಿ ಹಿಡಿಯುವ ನಿಯಂತ್ರಕಕ್ಕೆ ಮಾತ್ರ ತಂತಿಯಿಲ್ಲ. ಆಜ್ಞೆ ರೇಡಿಯೋ ಅಲೆಯಾಗಿ ಕೇಂದ್ರ ಪೆಟ್ಟಿಗೆಯನ್ನು ತಲುಪಿ, ಅಲ್ಲಿಂದ ಮತ್ತೆ ಹಳಿಯ ಮೂಲಕವೇ ಸಾಗುತ್ತದೆ. ಇನ್ನೊಂದರಲ್ಲಿ ಆಜ್ಞೆ ನೇರವಾಗಿ ಎಂಜಿನ್ನಿಗೇ ಮುಟ್ಟುತ್ತದೆ. ಈ ಎರಡನೆಯ ಬಗೆಯಲ್ಲಿ ಎಂಜಿನ್ನಿನೊಳಗೆ ಬ್ಯಾಟರಿಯನ್ನೂ ಇಟ್ಟರೆ ಹಳಿಗೆ ವಿದ್ಯುತ್ತೇ ಬೇಕಾಗದು. ಹಳಿ ನಿಜವಾದ ಹಳಿಯಂತೆ ಕೇವಲ ದಾರಿಯಾಗಿರುತ್ತದೆ.

ನಾವು ಮೊದಲು ಆಯ್ದುಕೊಂಡುದು ಮೊದಲನೆಯ ಬಗೆಯನ್ನು. ಡಿಸಿಸಿ-ಇಎಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಆರ್ಡ್ವಿನೋ ಫಲಕದಲ್ಲಿ ತುಂಬಿದರೆ ಅಲ್ಪ ವೆಚ್ಚದಲ್ಲಿ ಕೇಂದ್ರ ಪೆಟ್ಟಿಗೆ ಸಿದ್ಧವಾಗುತ್ತದೆ. ವೈಫೈ ಘಟಕವನ್ನು ಸೇರಿಸಿದರೆ ಮೊಬೈಲೇ ನಿಯಂತ್ರಕ. ಇದಕ್ಕೆ ಅಂತರ್ಜಾಲದ ಸಂಪರ್ಕ ಬೇಕಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಇದು ಸಣ್ಣ ಸೌಕರ್ಯವಲ್ಲ. (ತರಗತಿಗೆ ಮೊಬೈಲ್ ತರಕೂಡದೆಂಬ ನಿಯಮಕ್ಕೆ ಆ ಒಂದು ಗಂಟೆಯ ಮಟ್ಟಿಗೆ ಅಪವಾದ ಬೇಡಬೇಕಾಯಿತೆಂಬುದು ಬೇರೆ ಮಾತು.) ಬೇಸಿಗೆಯಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯಿತು. ಜುಲೈ ತಿಂಗಳಲ್ಲಿ ಹಲಗೆಗಳನ್ನು ಸಿದ್ದಾಪುರದ ಕಡೆಯ ಶಾಲೆಯೊಂದಕ್ಕೆ ಒಯ್ದೆವು. ಮಕ್ಕಳು ನೆರೆದು ನಿಂತಿರಲು ರೈಲು ಹತ್ತು ಬೆರಳಷ್ಟು ದೂರ ಸಾಗಿ ನಿಂತಿತು. ತಳ್ಳಿದರೆ ಮತ್ತೆ ಅಷ್ಟೇ ದೂರ. ಹಳಿಯ ಲೋಹಕ್ಕೆ ಥಂಡಿಯಲ್ಲಿ ಕಿಲುಬು ಕಟ್ಟಿತ್ತು. ಹಲಗೆಗಳು ಕೂಡುವೆಡೆ ತಂತಿಗಳು ಪ್ರಯಾಣದಲ್ಲಿ ಸಡಿಲವಾಗಿದ್ದುವು. ಅರ್ಧ ಗಂಟೆ ಹಳಿಯನ್ನು ಒರೆಸುವಷ್ಟರಲ್ಲಿ ಶಾಲೆಯ ವಿದ್ಯುತ್ತೇ ಹೋಯಿತು. ರೈಲನ್ನು ನೋಡಲು ಬಂದ ಆ ಮಕ್ಕಳು ರೈಲು ಬಾರದುದನ್ನು ನೋಡಿ ಹಿಂದಿರುಗಿದರು.

ಅತ್ಯಂತ ಹೆಚ್ಚು ತೊಂದರೆ ಕೊಟ್ಟುದು ರೈಲುಬಸ್ಸಿನ ಪ್ರತಿರೂಪ. ಮೀಟರ್ ಗೇಜಿನ ಕೊನೆಯ ವರ್ಷಗಳಲ್ಲಿ ಶಿವಮೊಗ್ಗ-ತಾಳಗುಪ್ಪ ನಡುವೆ ಓಡುತ್ತಿದ್ದ ರೈಲುಬಸ್ಸನ್ನು ಆ ಭಾಗದ ಹಿರಿಯರು ಇಂದಿಗೂ ನೆನೆಯುತ್ತಾರೆ. ನಮ್ಮ ಪ್ರತಿರೂಪಕ್ಕೆ ನಾಲ್ಕೇ ಗಾಲಿಗಳಾದುದರಿಂದ ಒಂದು ಗಾಲಿಯ ಕೆಳಗೆ ಕೊಳೆಯಿದ್ದರೂ ಸಂಪರ್ಕ ಕಡಿಯುತ್ತಿತ್ತು. ಆದರೆ ಪ್ರಯಾಣಿಕರು ಕುಳಿತುಕೊಳ್ಳಬೇಕಾದ ಅದರ ಒಡಲು ಖಾಲಿಯಿತ್ತು. ಅಲ್ಲಿ ಚಿಕ್ಕ ಲಿಥಿಯಂ ಬ್ಯಾಟರಿಯನ್ನೂ ರೇಡಿಯೋ ಗ್ರಾಹಕವನ್ನೂ ಇರಿಸಿದೆವು. ವೈಪಿ ಜಾತಿಯ ಉಗಿ ಎಂಜಿನ್ನಿಗೆ ಅದರ ಹಿಂದಿನ ಕಲ್ಲಿದ್ದಲ ಟೆಂಡರಿನಲ್ಲಿ ಸ್ಥಳ ದೊರಕಿತು. 1:87 ಪ್ರಮಾಣದಲ್ಲಿ ಮೀಟರ್ ಗೇಜ್ ಹಳಿಯ ಅಗಲ 12 ಮಿಲಿಮೀಟರಿಗೂ ತುಸು ಕಡಿಮೆ. ಆದುದರಿಂದ ಬ್ಯಾಟರಿಯ ಗಾತ್ರವನ್ನು ಮೊದಲೇ ಅಳೆದುಕೊಳ್ಳುವುದು ಲೇಸು. ನಮ್ಮ ಬ್ಯಾಟರಿ ಒಂದು ಪಾಠದ ಅವಧಿಗೆ ಸಾಲುತ್ತದೆ, ಅಷ್ಟು ಸಾಕು. ಅದಕ್ಕೆಂದೇ ಮಾಡಿದ ಚಾರ್ಜರಿನಿಂದಲ್ಲದೆ ಬೇರೆಯದರಿಂದ ವಿದ್ಯುತ್ತು ತುಂಬಬಾರದು, ರಾತ್ರಿಯಿಡೀ ಹಾಗೆಯೇ ಬಿಟ್ಟುಹೋಗಬಾರದು. ಆ ಬಳಿಕ ಯಲ್ಲಾಪುರಕ್ಕೆ ಒಯ್ದಾಗ ಹಲಗೆಗಳನ್ನು ಜೋಡಿಸಲು ಕೊಕ್ಕೆಗಳಷ್ಟೇ ಸಾಕಾದುವು.

ಕೊಳ್ಳುವ ಮೊದಲು ರೇಡಿಯೋ ಅಲೆಯ ಆವೃತ್ತಿಯನ್ನು ವಿಚಾರಿಸುವುದು ಅವಶ್ಯಕ. ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳಲು ಪರವಾನಗಿ ಬೇಕೆಂಬ ನಿಯಮ ನಮ್ಮಲ್ಲಿ 1933ರ ಕಾಯಿದೆಯಷ್ಟು ಹಳೆಯದು. 2005ರಲ್ಲಿ 2.4ರಿಂದ 2.4835 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಅಲ್ಪಶಕ್ತಿಯ ಉಪಕರಣಗಳಿಗೆ ವಿನಾಯಿತಿ ದೊರೆಯಿತು. ಅಮೆರಿಕದಲ್ಲಿ ಮಾರುವ ಹಲವು ನಿಯಂತ್ರಕಗಳು 902ರಿಂದ 928 ಮೆಗಾಹರ್ಟ್ಸ್ ಪಟ್ಟಿಯವು. ಅಲ್ಲಿ ಅದು ಮುಕ್ತ. ನಮ್ಮಲ್ಲಿ ಅದರ ಒಂದು ಭಾಗ ಮೊಬೈಲ್ ದೂರವಾಣಿಗೆ ಮೀಸಲು. ವಿದೇಶದಲ್ಲಿರುವ ಬಂಧುಗಳು ಪ್ರೀತಿಯಿಂದ ತಂದುಕೊಟ್ಟರೂ ಅದನ್ನು ಸ್ವೀಕರಿಸದಿರುವುದೇ ಒಳ್ಳೆಯದು.

ಉಳಿದುದು ಒಂದು ತೊಡಕು. ಪ್ರತಿಯೊಂದು ಎಂಜಿನ್ನಿಗೂ ಬೇರೆ ವಿಳಾಸ, ಬೇರೆ ಚಾಲಕ ಎಂದಾದ ಮೇಲೆ ಇಬ್ಬರು ವಿದ್ಯಾರ್ಥಿಗಳು ಒಂದೇ ಹಳಿಯ ಎರಡು ತುದಿಗಳಿಂದ ಹೊರಟು ನಡುವೆ ಢಿಕ್ಕಿ ಹೊಡೆಸಿದರು. ಅಲ್ಲಿದ್ದ ನಿವೃತ್ತ ರೈಲ್ವೆ ನೌಕರರೊಬ್ಬರು, "ಮಾಸ್ತರೇ, ಹಳಿ ಒಂದಿದ್ದಲ್ಲಿ ಅಪ್ಪಣೆಯೂ ಒಂದೇ ಇರಬೇಕಲ್ಲವೇ?" ಎಂದರು. ಒಂಟಿಮಾರ್ಗಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ನೀಲ್ ಚೆಂಡಿನ ಟೋಕನ್ನನ್ನು ಅವರು ನೆನಪಿಸಿದರು. ಎರಡು ನಿಲ್ದಾಣಗಳ ಯಂತ್ರಗಳು ವಿದ್ಯುತ್ತಿನಿಂದ ಬೆಸೆದುಕೊಂಡಿದ್ದು, ಒಮ್ಮೆಗೆ ಒಂದೇ ಲೋಹದ ಚೆಂಡು ಹೊರಬರುವುದು. ಆ ಚೆಂಡು ಕೈಸೇರದೆ ಚಾಲಕ ಹೊರಡುವಂತಿಲ್ಲ. 2020ರಲ್ಲಿ ಭಾರತೀಯ ರೈಲ್ವೆ ಅಂಗೀಕರಿಸಿದ 'ಕವಚ'ವು ಈ ಕಾವಲನ್ನು ರೇಡಿಯೋ ಮೂಲಕ ನಡೆಸುತ್ತದೆ. ಚಾಲಕ ಎಚ್ಚರಗೊಳ್ಳದಿದ್ದರೆ ತಾನೇ ಬ್ರೇಕು ಹಾಕುತ್ತದೆ. ನಮ್ಮ ಮೊಬೈಲಿಗೆ ಆ ವಿವೇಕವಿಲ್ಲ.

ಆದುದರಿಂದ ಬೆತ್ತದ ಬಳೆಯೊಂದಕ್ಕೆ ಗೋಟಡಕೆಯೊಂದನ್ನು ಕಟ್ಟಿ ಸಾಗರ-ತಾಳಗುಪ್ಪ ಮಾರ್ಗದ ಟೋಕನ್ನಾಗಿ ಮಾಡಿದೆವು. ಅದು ಕೈಯಲ್ಲಿಲ್ಲದ ವಿದ್ಯಾರ್ಥಿ ಮೊಬೈಲನ್ನು ಮುಟ್ಟಕೂಡದು. ಸಿದ್ದಾಪುರದ ಹುಡುಗನೊಬ್ಬ ಗಡಿಕಲ್ಲಿನಾಚೆಗೆಂದು ಇನ್ನೊಂದು ಅಡಕೆಯನ್ನು ತಂದಿದ್ದನು. ಅದು ಪೆಟ್ಟಿಗೆಯಲ್ಲಿದೆ; ಬಳೆಗೆ ಕಟ್ಟಿಲ್ಲ.