ಬ್ಯಾಟರಿಗೆ ಬೈಯುವ ಮೊದಲು ಚಾರ್ಜರ್ ನೋಡಿ

ಗಲ್ಫ್‌ನಲ್ಲಿರುವ ಮಾಮ ರಜೆಯಲ್ಲಿ ಬರುವಾಗ ತಂದುಕೊಟ್ಟ ಲ್ಯಾಪ್‌ಟಾಪ್ ನಮ್ಮಲ್ಲಿ ಅನೇಕರ ಮನೆಯಲ್ಲಿದೆ. ನಮ್ಮ ಮನೆಯಲ್ಲೂ ಇದೆ. ಮಗಳ ಬಿ.ಕಾಂ. ಪ್ರಾಜೆಕ್ಟ್ ಒಪ್ಪಿಸಲು ಎರಡೇ ದಿನ ಬಾಕಿ ಇರುವಾಗ ಅದರ ಚಾರ್ಜ್ ಶೇ. 9ರಲ್ಲಿ ನಿಂತುಬಿಟ್ಟಿತು. ವೈರ್ ಚುಚ್ಚಿದರೂ ಮೇಲೇರುವುದಿಲ್ಲ. ಪರದೆಯಲ್ಲಿ ‘ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್’ ಎಂಬ ಬರಹ. ಹೊರಗೆ ಜೋರು ಮಳೆ, ಗಳಿಗೆಗೊಮ್ಮೆ ಕರೆಂಟ್ ಹೋಗುವುದು ಬೇರೆ.

ಪೇಟೆಯ ಅಂಗಡಿಯೊಂದಕ್ಕೆ ಫೋನ್ ಮಾಡಿದೆವು. ನೋಡದೆಯೇ ತೀರ್ಪು ಬಂತು: “ಬ್ಯಾಟರಿ ಹೋಗಿದೆ. ಹೊಸದು ಹಾಕ್ಬೇಕು, ನಾಲ್ಕೂವರೆ ಸಾವಿರ ಆಗ್ತದೆ.” ಮಗಳ ಮುಖ ಬಾಡಿತು. ತಿಂಗಳ ಕೊನೆ, ನಮ್ಮ ಮುಖವೂ ಬಾಡಿತು.

ಅಷ್ಟರಲ್ಲಿ ಪಕ್ಕದ ಮನೆಯ ಇಂಜಿನಿಯರಿಂಗ್ ಓದುವ ಹುಡುಗ ಬಂದ. “ಮೊದಲು ಚಾರ್ಜರ್ ನೋಡುವ” ಎಂದು ಅದೇ ಕಂಪೆನಿಯ ತನ್ನ ಚಾರ್ಜರ್ ತಂದು ಚುಚ್ಚಿದ. 9 ಇದ್ದದ್ದು 10 ಆಯಿತು, 11 ಆಯಿತು. ಆಗ ನಮಗೆ ನೆನಪಾಯಿತು: ಏಪ್ರಿಲ್‌ನ ಗುಡುಗು ಸಿಡಿಲಿಗೆ ಹಳೆಯ ಚಾರ್ಜರ್ ಸುಟ್ಟುಹೋಗಿ, ಕಡಿಮೆ ಬೆಲೆಯ ಡೂಪ್ಲಿಕೇಟ್ ತಂದಿದ್ದೆವು.

ವಿಷಯ ಇಷ್ಟೇ. ಕೆಲವು ಕಂಪೆನಿಗಳ ಚಾರ್ಜರ್ ಪಿನ್ನಿನ ನಡುವೆ ಸೂಜಿಯಂಥ ಸಣ್ಣ ಕಡ್ಡಿ ಇರುತ್ತದೆ. ಚಾರ್ಜರ್ ತನ್ನದೇ ಎಂದು ಲ್ಯಾಪ್‌ಟಾಪ್ ಗುರುತು ಹಿಡಿಯುವುದು ಅದರಿಂದ. ಗುರುತು ಸಿಗದಿದ್ದರೆ ಲ್ಯಾಪ್‌ಟಾಪ್ ಓಡುತ್ತದೆ, ಬ್ಯಾಟರಿಗೆ ಮಾತ್ರ ಕರೆಂಟ್ ಬಿಡುವುದಿಲ್ಲ. ವ್ಯಾಟ್ ಕಡಿಮೆಯಾದರೂ ಹಾಗೆಯೇ. 65 ವ್ಯಾಟ್ ಬೇಕಾದಲ್ಲಿ ಮೊಬೈಲಿನ 18 ವ್ಯಾಟ್ ಚಾರ್ಜರ್ ಸಾಲದು. ಎಷ್ಟು ವ್ಯಾಟ್, ಎಷ್ಟು ವೋಲ್ಟ್ ಎಂದು ಚಾರ್ಜರಿನ ಹಿಂದೆಯೇ ಬರೆದಿರುತ್ತದೆ.

ಆದ್ದರಿಂದ ಅಂಗಡಿಗೆ ಓಡುವ ಮೊದಲು ಮನೆಯಲ್ಲೇ ಒಂದೊಂದಾಗಿ ನೋಡಬಹುದು. ಗಲ್ಫ್‌ನ ದಪ್ಪ ಮೂರು ಪಿನ್ನಿಗೆ ಹಾಕಿದ ಕನ್ವರ್ಟರ್ ಸಡಿಲವಾಗಿದೆಯೇ? ಬೇರೆ ಸಾಕೆಟ್‌ಗೆ ಚುಚ್ಚಿ ನೋಡಿ. ಚಾರ್ಜಿಂಗ್ ಪಿನ್ನಿನ ತೂತಿನಲ್ಲಿ ಧೂಳು ತುಂಬಿದೆಯೇ? ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಮತ್ತೆ ಶುರು ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಯಾಗುತ್ತದೆ. ಹಾಸಿಗೆಯ ಮೇಲಿಟ್ಟು ಬಿಸಿಯಾಗಿದ್ದರೆ ತಣಿಯಲು ಬಿಡಿ. ವಿಪರೀತ ಬಿಸಿಯಾದಾಗ ಲ್ಯಾಪ್‌ಟಾಪೇ ಚಾರ್ಜಿಂಗ್ ನಿಲ್ಲಿಸುವುದುಂಟು. ಚಾರ್ಜ್ 60 ಅಥವಾ 80ಕ್ಕೆ ಬಂದು ನಿಲ್ಲುವುದಾದರೆ ಅದು ರೋಗವಲ್ಲ. ಬ್ಯಾಟರಿ ಬಾಳಿಕೆಗಾಗಿ ಇಟ್ಟ ಮಿತಿ ಆನ್ ಆಗಿರುತ್ತದೆ, ಸೆಟ್ಟಿಂಗ್‌ನಲ್ಲಿ ತೆಗೆಯಬಹುದು.

ಬ್ಯಾಟರಿ ನಿಜವಾಗಿಯೂ ಮುದಿಯಾಗಿದೆಯೇ ಎಂದು ತಿಳಿಯಲು ವಿಂಡೋಸ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಯುವ ದಾರಿಯಿದೆ. ಹೊಸದಿದ್ದಾಗ 50,000 ಹಿಡಿಯುತ್ತಿದ್ದದ್ದು ಈಗ 20,000 ಮಾತ್ರ ಎಂದು ತೋರಿಸಿದರೆ ಬದಲಿಸುವ ಕಾಲ ಬಂದಿದೆ. ಅಂಗಡಿಯವರಲ್ಲಿ ಆ ರಿಪೋರ್ಟ್ ತೋರಿಸಿ ಎಂದು ಕೇಳಲು ನಾಚಿಕೆ ಬೇಡ.

ಒಂದು ವಿಷಯದಲ್ಲಿ ಮಾತ್ರ ಪ್ರಯೋಗ ಬೇಡವೇ ಬೇಡ. ಕೀಬೋರ್ಡ್ ಅಥವಾ ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ ಒಳಗಿನ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಕೂಡಲೇ ಚಾರ್ಜರ್ ತೆಗೆದು ಆಫ್ ಮಾಡಿ. ಒತ್ತಬೇಡಿ, ಚುಚ್ಚಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹಿಡಿದರೆ ಸುಲಭಕ್ಕೆ ಆರುವುದಿಲ್ಲ. ಬದಲಿಸುವ ಕೆಲಸ ತಿಳಿದವರಿಗೇ ಬಿಡಿ. ಹಳೆಯದನ್ನು ಕಸದ ಬುಟ್ಟಿಗೆ ಹಾಕಬೇಡಿ, ಅಂಗಡಿಗೇ ಒಪ್ಪಿಸಿ. ಹಳೆ ಬ್ಯಾಟರಿಗಳ ವಿಲೇವಾರಿಯ ಹೊಣೆಯನ್ನು 2022ರ ನಿಯಮ ತಯಾರಕರ ಮೇಲೇ ಹಾಕಿದೆ.

ಮಗಳು ಪಕ್ಕದ ಮನೆಯ ಚಾರ್ಜರ್‌ನಲ್ಲೇ ಪ್ರಾಜೆಕ್ಟ್ ಮುಗಿಸಿದಳು. ನಾವು ಒರಿಜಿನಲ್ ಚಾರ್ಜರ್ ಕೊಂಡೆವು, ಬ್ಯಾಟರಿಗೆ ಹೇಳಿದ್ದರ ಅರ್ಧ ದುಡ್ಡೂ ಆಗಲಿಲ್ಲ. ಈಗ ಗುಡುಗಿನ ಸದ್ದು ಕೇಳಿದರೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಉಮ್ಮನೇ ಕೂಗುತ್ತಾರೆ: “ಆ ವೈರ್ ತೆಗೀರಿ ಮೊದ್ಲು!”