ದೂರದ ಓಟ, ಮನೆಯ ಹೊಣೆ, ದಣಿವಿನ ಲೆಕ್ಕ

ದೂರದ ಓಟದ ಆಸಕ್ತಿ ಇಂದು ಮಹಾನಗರಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಮುಂಬಯಿಯಲ್ಲಿ 2004ರಿಂದ ಮ್ಯಾರಥಾನ್, ಬೆಂಗಳೂರಿನಲ್ಲಿ 2008ರಿಂದ ಹತ್ತು ಕಿಲೋಮೀಟರಿನ ಓಟ ನಡೆದುಬಂದಿವೆ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ನಡುವೆಯೂ ದೂರದ ಓಟದ ಸ್ಪರ್ಧೆಗಳು ಏರ್ಪಟ್ಟಿವೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಸೀಮೆಯ ಸದ್ಭಕ್ತರಲ್ಲಿಯೂ ಒಮ್ಮೆಯಾದರೂ ಮ್ಯಾರಥಾನ್ ಓಡಬೇಕೆಂಬ ಆಸೆ ಹೊತ್ತವರಿದ್ದಾರೆ. ಎಷ್ಟು ಓಡಬೇಕು, ಎಂತಹ ಬೂಟು ಧರಿಸಬೇಕು ಎಂಬುದಕ್ಕೆ ಸಲಹೆ ಬೇಕಾದಷ್ಟು ದೊರೆಯುತ್ತದೆ. ಸಂಸಾರವಂದಿಗನು ಈ ಅಭ್ಯಾಸಕ್ಕೆ ಬೇಕಾದ ಹೊತ್ತನ್ನು ಯಾರಿಂದ ಪಡೆಯುತ್ತಾನೆ, ಅದರ ದಣಿವನ್ನು ಯಾರು ಹೊರುತ್ತಾರೆ ಎಂಬುದನ್ನು ಹೇಳುವವರು ವಿರಳ. ಈ ಸಂಚಿಕೆಯಲ್ಲಿ ಅದನ್ನೇ ವಿಚಾರಿಸೋಣ.

ಮ್ಯಾರಥಾನ್ ಕನ್ನಡ ನಾಡಿಗೆ ತೀರ ಹೊಸತೇನಲ್ಲ. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡಾಕೂಟದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರು ಮ್ಯಾರಥಾನ್ ಓಡಿ 19ನೆಯ ಸ್ಥಾನ ಪಡೆದರು. ಅವರು ತೆಗೆದುಕೊಂಡ ಅವಧಿ 2 ಗಂಟೆ 50 ನಿಮಿಷ 45 ಸೆಕೆಂಡು. ಇಂದಿನ 42.195 ಕಿ.ಮೀ. ದೂರವನ್ನು ಮೊದಲು ಓಡಿದ್ದು 1908ರ ಲಂಡನ್ ಕೂಟದಲ್ಲಿ; ಅದು ನಿಯಮವಾಗಿ ನೆಲೆಗೊಂಡದ್ದು 1921ರಲ್ಲಿ. ಚೌಗುಲೆಯವರು ಓಡಿದ ವರ್ಷದ ದೂರ ಇದಕ್ಕಿಂತಲೂ ಅರ್ಧ ಕಿಲೋಮೀಟರಿಗೂ ಮಿಗಿಲಾಗಿತ್ತು. ಅದಕ್ಕೆ ಮೊದಲು ಪುಣೆಯ ಡೆಕ್ಕನ್ ಜಿಮ್ಖಾನಾದ ಓಟಗಳಲ್ಲಿ ಬರಿಗಾಲಿನಲ್ಲಿ ಓಡುತ್ತಿದ್ದ ರೈತಾಪಿ ಜನರನ್ನು ಕಂಡೇ ದೊರಾಬ್ಜಿ ಟಾಟಾ ಅವರು ಒಲಿಂಪಿಕ್ಕಿಗೆ ತಂಡ ಕಳುಹಿಸುವ ಯೋಚನೆ ಮಾಡಿದರು. ಆ ಕಾಲದ ರೈತನಿಗೆ ನಡೆಯುವುದು, ಹೊರುವುದು, ಏರುವುದು ದಿನದ ದುಡಿಮೆಯೊಳಗೇ ಸೇರಿತ್ತು. ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವ ಇಂದಿನ ಗೃಹಸ್ಥನು ಅದೇ ಶಕ್ತಿಯನ್ನು ಗಳಿಸಲು ಮನೆಯವರ ಪಾಲಿನ ಹೊತ್ತಿನಿಂದಲೇ ಕೆಲವು ಗಂಟೆಗಳನ್ನು ತೆಗೆಯಬೇಕಾಗಿದೆ.

ಆ ಗಂಟೆಗಳನ್ನು ಲೆಕ್ಕ ಹಾಕಿ ನೋಡೋಣ. ಮೆಣಸೆಯಲ್ಲಿ ವಾಸವಿರುವ ಒಬ್ಬ ನೌಕರನನ್ನು ಊಹಿಸಿಕೊಳ್ಳಿ. ವಯಸ್ಸು ನಲವತ್ತರ ಸಮೀಪ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ವಯಸ್ಸಾದ ತಂದೆತಾಯಿ, ಒಂದಿಷ್ಟು ಅಡಿಕೆ ತೋಟ. ಈಗಾಗಲೇ ಐದು ಕಿಲೋಮೀಟರು ಸಲೀಸಾಗಿ ಓಡಬಲ್ಲವನು ಎಂದಿಟ್ಟುಕೊಂಡರೂ ಮ್ಯಾರಥಾನಿಗೆ ಆರು ತಿಂಗಳ ಅಭ್ಯಾಸ ಬೇಕು. ಹೊಸಬನಿಗೆ ಒಂದು ವರ್ಷವೂ ಹೆಚ್ಚಲ್ಲ. ವಾರಕ್ಕೆ ಎರಡು ದಿನ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಭಾನುವಾರ ಒಂದು ದೀರ್ಘ ಓಟ. ಸಂಸಾರಿಗೆ ಈ ಮೂರು ದಿನಗಳು ಸಾಕು. ಸಮಯ ಒದಗಿದರೆ ನಾಲ್ಕನೆಯ ದಿನ ಚುರುಕಾಗಿ ನಡೆದರಾಯಿತು. ವಾರಕ್ಕೆ ಆರು ದಿನದ ಪಟ್ಟಿಗಳು ಓಟವೇ ವೃತ್ತಿಯಾದವರಿಗೆ ಹೇಳಿದವು. ಅವನ್ನು ನಕಲು ಮಾಡಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ.

ಭಾನುವಾರದ ಓಟ ಕ್ರಮೇಣ 28 ಕಿಲೋಮೀಟರಿಗೆ ಬೆಳೆದಾಗ, ಮಾತನಾಡುತ್ತ ಓಡಬಲ್ಲ ನಿಧಾನಗತಿಯಲ್ಲಿ ಅದಕ್ಕೆ ಮೂರೂವರೆ ಗಂಟೆ ಹಿಡಿಯುತ್ತದೆ. ಐದು ಗಂಟೆಗೆ ಹೊರಟವನು ಎಂಟೂವರೆಗೆ ಮನೆ ಸೇರುತ್ತಾನೆ. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಸ್ನಾನ, ಪೂಜೆ, ಉಪಾಹಾರ, ಆಮೇಲೆ ತಡೆಯಲಾಗದ ನಿದ್ದೆ. ಅವನು ಮನೆಯವರ ಕೈಗೆ ಸಿಗುವುದು ಮಧ್ಯಾಹ್ನವೇ. ಆ ವೇಳೆಗೆ ಕೊಟ್ಟಿಗೆಯ ಕೆಲಸ ಮಾಡಿದವರಾರು? ಮಕ್ಕಳಿಗೆ ತಿಂಡಿ, ಹಿರಿಯರಿಗೆ ಔಷಧಿ ಕೊಟ್ಟವರಾರು? ಬೆವರಿನ ಬಟ್ಟೆ ಒಗೆದವರಾರು? ಬಹುಪಾಲು ಮನೆಗಳಲ್ಲಿ ಇದಕ್ಕೆಲ್ಲ ಉತ್ತರ ಒಬ್ಬಳೇ ಗೃಹಿಣಿ. ಆದುದರಿಂದ ಸ್ಪರ್ಧೆಗೆ ಹೆಸರು ನೋಂದಾಯಿಸುವ ಮೊದಲೇ ಪತಿಪತ್ನಿಯರು ಕುಳಿತು ಆರು ತಿಂಗಳ ಪಂಚಾಂಗವನ್ನು ಮುಂದಿಟ್ಟುಕೊಳ್ಳಬೇಕು. ಮದುವೆ, ಜಾತ್ರೆ, ಮಕ್ಕಳ ಪರೀಕ್ಷೆಗಳನ್ನು ಮೊದಲು ಗುರುತಿಸಿ, ಉಳಿದ ಭಾನುವಾರಗಳಲ್ಲಿ ಓಟವನ್ನು ಕೂರಿಸಬೇಕು. ಭಾನುವಾರ ಬೆಳಗಿನ ಹೊತ್ತು ಓಟಗಾರನದಾದರೆ ಸಂಜೆಯ ಹೊತ್ತು, ಅಡುಗೆಮನೆಯೂ ಸೇರಿದಂತೆ, ಅವನ ಹೊಣೆಯಾಗಲಿ. ಮನೆಯಲ್ಲಿ ಹಸುಗೂಸು ಇದ್ದರೆ ಮ್ಯಾರಥಾನನ್ನು ಒಂದೆರಡು ವರ್ಷ ಮುಂದೂಡಿ, ದಿನಕ್ಕೆ ಅರ್ಧ ಗಂಟೆಯ ಓಟದಲ್ಲಿ ತೃಪ್ತಿಪಡುವುದು ಲೇಸು.

ಅಡಿಕೆ ಕೊಯ್ಲು, ಕಾಫಿ ಕುಯ್ಲಿನ ತಿಂಗಳುಗಳಿಗೆ ಪ್ರತ್ಯೇಕ ಮಾತು ಅಗತ್ಯ. ಇಳಿಜಾರಿನ ತೋಟದಲ್ಲಿ ಹಗಲೆಲ್ಲ ಹೊರೆ ಹೊತ್ತು, ರಾತ್ರಿ ಅಡಿಕೆ ಸುಲಿತದಲ್ಲಿ ಕುಳಿತವನ ದೇಹಕ್ಕೆ ಅದೂ ಶ್ರಮವೇ. ಓಟದ ಪುಸ್ತಕದಲ್ಲಿ ಬರೆದಿಲ್ಲವೆಂದು ಅದು ಲೆಕ್ಕದಿಂದ ಬಿಟ್ಟುಹೋಗದು. ತೋಟದಲ್ಲಿ ಪೂರ್ಣ ದಿನ ದುಡಿದ ಮರುದಿನದ ಓಟವನ್ನು ನಿಸ್ಸಂಕೋಚವಾಗಿ ಕೈಬಿಡಬಹುದು. ಮುಂಬಯಿಯ ಓಟ ಬರುವುದು ಜನವರಿಯಲ್ಲಿ, ಅಂದರೆ ಅದರ ಅತಿ ದೀರ್ಘ ಓಟಗಳೆಲ್ಲ ಕೊಯ್ಲಿನ ನಡುವೆಯೇ ಬೀಳುತ್ತವೆ. ಸ್ವಂತ ತೋಟವುಳ್ಳವರು ಬೇರೆ ತಿಂಗಳ ಸ್ಪರ್ಧೆಯನ್ನು ಆಯ್ದುಕೊಳ್ಳುವುದು ಉಚಿತ.

ದಣಿವೆಂದರೇನು? ಓಟವು ಸ್ನಾಯುವನ್ನು ಬಲಪಡಿಸುವುದಿಲ್ಲ. ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮವಾದ ಹಾನಿ ಮಾಡುತ್ತದೆ. ಆ ಹಾನಿಯನ್ನು ಸರಿಪಡಿಸುವಾಗ ದೇಹವು ಮೊದಲಿಗಿಂತ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ, ಮತ್ತು ಆ ದುರಸ್ತಿ ಹೆಚ್ಚಾಗಿ ನಡೆಯುವುದು ಗಾಢನಿದ್ರೆಯಲ್ಲಿ. ಐದಕ್ಕೆ ಹೊರಡಬೇಕಾದವನು ಒಂಬತ್ತೂವರೆಗೆ ಮಲಗದೆ, ಹನ್ನೊಂದರ ತನಕ ಮೊಬೈಲ್ ನೋಡುತ್ತಿದ್ದರೆ ಅಭ್ಯಾಸದ ಫಲ ದೊರೆಯದು, ಗಾಯ ಮಾತ್ರ ಉಳಿಯುತ್ತದೆ. ಮಗುವಿಗೆ ಜ್ವರ ಬಂದು ಎಚ್ಚರವಿದ್ದ ರಾತ್ರಿ, ಶಿವರಾತ್ರಿಯ ಜಾಗರಣೆ, ಕಚೇರಿಯ ಚಿಂತೆ, ಇವೆಲ್ಲವನ್ನೂ ದೇಹವು ಓಟದ ಶ್ರಮದೊಡನೆ ಒಂದೇ ಖಾತೆಯಲ್ಲಿ ಬರೆದುಕೊಳ್ಳುತ್ತದೆ.

ಆ ಖಾತೆಯನ್ನು ಓದಲು ಸುಲಭದ ಉಪಾಯವೊಂದಿದೆ. ಬೆಳಿಗ್ಗೆ ಎಚ್ಚರವಾದೊಡನೆ, ಹಾಸಿಗೆಯಿಂದ ಏಳುವ ಮೊದಲು, ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ ಬರೆದಿಡಿ. ವಾಡಿಕೆಗಿಂತ ಎಂಟು ಹತ್ತು ಬಡಿತ ಹೆಚ್ಚಾಗಿ ಎರಡು ಮೂರು ದಿನ ಹಾಗೆಯೇ ಮುಂದುವರಿದರೆ ವಿಶ್ರಾಂತಿ ಬೇಕೆಂದೇ ಅರ್ಥ. ನಿದ್ದೆ ಕೆಡುವುದು, ಊಟ ರುಚಿಸದಿರುವುದು, ಮೆಟ್ಟಿಲು ಹತ್ತುವಾಗ ಕಾಲು ಭಾರವೆನಿಸುವುದು ಕೂಡ ಸೂಚನೆಗಳೇ. ಇವೆಲ್ಲಕ್ಕೂ ಮುನ್ನ ಕಾಣಿಸಿಕೊಳ್ಳುವುದು ಸಿಡುಕು. ಸಣ್ಣ ಮಾತಿಗೆ ಮಕ್ಕಳ ಮೇಲೆ ರೇಗುವುದನ್ನು ಓಟಗಾರ ತಾನೇ ಗುರುತಿಸಲಾರ, ಮನೆಯವರು ಗುರುತಿಸುತ್ತಾರೆ. ಕೈಗಡಿಯಾರ ತೋರಿಸುವ ಅಂಕಿಗಿಂತ ಮಡದಿಯ ಮಾತು ಇಲ್ಲಿ ಹೆಚ್ಚು ವಿಶ್ವಾಸಾರ್ಹ.

ಯುಗಾದಿಗೆ ಮುನ್ನ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಕೈಗೊಳ್ಳುವ ಭಕ್ತರಿಗೆ ಈ ಸೂಕ್ಷ್ಮ ಚೆನ್ನಾಗಿ ತಿಳಿದಿದೆ. ನೂರಾರು ಕಿಲೋಮೀಟರು ನಡೆಯುವ ಅವರು ಬಿಸಿಲೇರುವ ಮೊದಲು ನಡೆದು, ನೆತ್ತಿಯ ಬಿಸಿಲಿನಲ್ಲಿ ನೆರಳು ಹಿಡಿದು, ದಾರಿಯ ದಾಸೋಹದಲ್ಲಿ ಹೊತ್ತಿಗೆ ಸರಿಯಾಗಿ ಉಂಡು ಸಾಗುತ್ತಾರೆ. ಮೊದಲ ದಿನವೇ ಅವಸರ ಮಾಡಿದವನು ಕಾಲಿನ ಬೊಬ್ಬೆಯಿಂದ ಹಿಂದೆ ಉಳಿಯುತ್ತಾನೆ.

ಓಡಬಯಸುವ ಸ್ತ್ರೀಯರ ಸ್ಥಿತಿ ಇನ್ನಷ್ಟು ಬಿಗಿಯಾದುದು. ಗಂಡಸು ಓಡಲು ಹೊರಟರೆ ಅವನ ಕೆಲಸವನ್ನು ಮತ್ತೊಬ್ಬರು ಮಾಡುತ್ತಾರೆ; ಗೃಹಿಣಿ ಹೊರಟರೆ ಅವಳ ಕೆಲಸ ಅವಳಿಗಾಗಿಯೇ ಕಾದಿರುತ್ತದೆ. ಇದು ಬದಲಾಗದೆ ಅವಳಿಗೆ ಅಭ್ಯಾಸದ ಪಟ್ಟಿ ಹಾಕಿಕೊಡುವುದು ದಣಿವಿನ ಮೇಲೆ ದಣಿವನ್ನು ಹೇರಿದಂತೆ. ಇದರೊಡನೆ ರಕ್ತಹೀನತೆಯ ಪ್ರಶ್ನೆಯೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಹಿಮೋಗ್ಲೋಬಿನ್ ಸ್ತ್ರೀಯರಲ್ಲಿ 12 ಗ್ರಾಂ, ಪುರುಷರಲ್ಲಿ 13 ಗ್ರಾಮಿಗಿಂತ ಕಡಿಮೆಯಿದ್ದರೆ ಮೊದಲು ಚಿಕಿತ್ಸೆ, ಆನಂತರ ಓಟ. ಎಷ್ಟೋ ಸಲ ಸೋಮಾರಿತನವೆಂದು ಹೀಯಾಳಿಸಲ್ಪಡುವ ಸುಸ್ತಿಗೆ ಕಾರಣ ಇದೇ ಆಗಿರುತ್ತದೆ.

ಸಸ್ಯಾಹಾರಿಗಳಾದ ನಾವು ಕಬ್ಬಿಣಾಂಶಕ್ಕಾಗಿ ಹುರುಳಿ, ಕಡಲೆ, ಹಸಿರು ಸೊಪ್ಪುಗಳನ್ನು ನೆಚ್ಚಬೇಕು. ಜೊತೆಗೆ ನಿಂಬೆರಸ ಅಥವಾ ನೆಲ್ಲಿಕಾಯಿ ಇದ್ದರೆ ಅದು ಚೆನ್ನಾಗಿ ಮೈಗೂಡುತ್ತದೆ. ಊಟದೊಡನೆ ಕಾಫಿ, ಚಹಾ ಕುಡಿದರೆ ಮೈಗೂಡದು. ಕಾಫಿಯ ನಾಡಿನಲ್ಲಿ ಈ ಮಾತು ಅಪ್ರಿಯವೆಂದು ಬಲ್ಲೆವು. ಒಂದು ಗಂಟೆ ತಡೆದು ಕುಡಿದರೆ ಅಡ್ಡಿಯಿಲ್ಲ. ಬಿ12 ಜೀವಸತ್ವಕ್ಕೆ ಹಾಲು ಮೊಸರನ್ನು ತಪ್ಪಿಸಬಾರದು. ಇನ್ನು ಓಟದ ದಿನದ ಮಾತು: 60 ಕಿಲೋ ತೂಕದವರು ಒಂದು ಕಿಲೋಮೀಟರು ಓಡಲು ಸುಮಾರು 60 ಕಿಲೋಕ್ಯಾಲರಿ ವ್ಯಯಿಸುತ್ತಾರೆ, ಇಡೀ ಮ್ಯಾರಥಾನಿಗೆ ಎರಡೂವರೆ ಸಾವಿರ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯಂಶ ಎರಡು ಸಾವಿರದ ಆಸುಪಾಸಿನದು. ಮೂವತ್ತನೆಯ ಕಿಲೋಮೀಟರಿನ ಬಳಿಕ ಕಾಲು ಕಲ್ಲಾಗುವುದು ಬಹುಮಟ್ಟಿಗೆ ಇದರಿಂದ. ಮುಕ್ಕಾಲು ಗಂಟೆಗೊಮ್ಮೆ ಬಾಳೆಹಣ್ಣು, ಖರ್ಜೂರ, ಬೆಲ್ಲದ ತುಣುಕು ತಿನ್ನುವುದನ್ನು ಅಭ್ಯಾಸದ ದಿನಗಳಲ್ಲಿಯೇ ರೂಢಿಸಿಕೊಳ್ಳಬೇಕು. ನೀರು ಬಾಯಾರಿದಷ್ಟೇ ಸಾಕು. ಒತ್ತಾಯದಿಂದ ಕುಡಿದ ಅತಿ ನೀರು ರಕ್ತದ ಉಪ್ಪಿನಂಶವನ್ನು ತಗ್ಗಿಸಿ ಪ್ರಾಣಕ್ಕೇ ಅಪಾಯ ತರಬಲ್ಲುದು.

ಇಷ್ಟಲಿಂಗ ಪೂಜೆಯನ್ನು ಓಟದಿಂದ ಮರಳಿ ಸ್ನಾನ ಮಾಡಿದ ಬಳಿಕ ಇಟ್ಟುಕೊಳ್ಳುವುದು ಅನುಕೂಲ. ಅದರ ಹೊತ್ತನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಂಡರೆ ಆತುರವಿರದು. ಬೆವರಿನಿಂದ ನೆನೆದ ಶಿವದಾರ ಕತ್ತಿನ ಚರ್ಮವನ್ನು ಉಜ್ಜುವುದುಂಟು. ಲಿಂಗವನ್ನು ಮೆತ್ತನೆಯ ವಸ್ತ್ರದಲ್ಲಿ ಎದೆಗೆ ಒತ್ತಿ ಕಟ್ಟಿಕೊಂಡರೆ ತೊಂದರೆ ತಪ್ಪುತ್ತದೆ.

ಮಲೆನಾಡಿನ ಓಟಗಾರರು ಮಂಗನ ಕಾಯಿಲೆಯನ್ನು ಮರೆಯುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟ ಈ ರೋಗ ನಮ್ಮ ಮೂರೂ ತಾಲ್ಲೂಕುಗಳಲ್ಲಿ ಕಾಣಿಸಿಕೊಂಡಿದೆ. ಕಾಡಿನ ಉಣುಗು ಕಚ್ಚುವುದರಿಂದ ಬರುವ ಇದರ ಕಾಲ ಡಿಸೆಂಬರಿನಿಂದ ಮೇ ತನಕ. ಆ ತಿಂಗಳುಗಳಲ್ಲಿ ಕಾಡುದಾರಿಯನ್ನು ಬಿಟ್ಟು ಡಾಂಬರು ರಸ್ತೆಯಲ್ಲಿಯೇ ಓಡಬೇಕು. ಮರಳಿದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮೈಯನ್ನೆಲ್ಲ ಪರೀಕ್ಷಿಸಿ ಸ್ನಾನ ಮಾಡಬೇಕು. ಇಲ್ಲಿ ಒಂದು ವಿಶೇಷ ಎಚ್ಚರಿಕೆ: ಈ ರೋಗ ಜ್ವರ, ತಲೆನೋವುಗಳೊಡನೆ ತೀವ್ರವಾದ ಮೈಕೈ ನೋವಿನಿಂದ ಆರಂಭವಾಗುತ್ತದೆ. ಓಟಗಾರನು ಅದನ್ನು ಭಾನುವಾರದ ಓಟದ ನೋವೆಂದು ಭಾವಿಸಿ ನೋವಿನ ಮಾತ್ರೆ ನುಂಗಿ ಸುಮ್ಮನಾಗಬಹುದು. ಓಟದ ನೋವಿನೊಂದಿಗೆ ಜ್ವರ ಬರುವುದಿಲ್ಲ. ಜ್ವರ ಇದ್ದರೆ ಅದೇ ದಿನ ಸಮೀಪದ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿನ ಕಡೆ ಓಡಿದ್ದನ್ನು ವೈದ್ಯರಿಗೆ ತಿಳಿಸಬೇಕು. ದೀರ್ಘ ಓಟಕ್ಕೆ ಮುಂಚೆ ನೋವಿನ ಮಾತ್ರೆ ನುಂಗುವ ರೂಢಿಯಂತೂ ಮೂತ್ರಪಿಂಡಕ್ಕೆ ಹಾನಿಕರ.

ಆನೆ, ಕಾಡುಕೋಣಗಳ ಸಂಚಾರವಿರುವ ಕಡೆ ಪೂರ್ತಿ ಬೆಳಕಾಗುವ ಮೊದಲು ಒಬ್ಬರೇ ಹೊರಡಬಾರದು. ಅಂತಹ ಊರಿನವರ ಭಾನುವಾರದ ಓಟ ಒಂದು ಗಂಟೆ ತಡವಾಗಿ ಆರಂಭವಾಗಲಿ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಮತ್ತು ಮನೆತನದಲ್ಲಿ ಹೃದ್ರೋಗವಿರುವವರು ಅಭ್ಯಾಸಕ್ಕೆ ಮುನ್ನ ವೈದ್ಯರಿಂದ ಹೃದಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ಓಡುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿ ಕಣ್ಣು ಕತ್ತಲಿಟ್ಟರೆ ಅಲ್ಲಿಯೇ ನಿಲ್ಲಬೇಕು. ಓಟದ ನಡುವೆಯಾದರೂ ಸರಿ, ಗುರಿ ನೂರು ಗಜ ದೂರದಲ್ಲಿದ್ದರೂ ಸರಿ.

ಸ್ಪರ್ಧೆ ಮುಗಿದ ಮೇಲೆ ಒಂದು ವಾರ ಓಟ ಬೇಡ, ಮುಂದಿನ ವಾರ ನಡಿಗೆಯಷ್ಟೇ ಸಾಕು. ಊರಿಗೆ ಮರಳುವ ರಾತ್ರಿ ಬಸ್ಸಿನಲ್ಲಿ ಕಾಲು ಮಡಚಿ ಕುಳಿತೇ ಇರದೆ, ಬಸ್ಸು ನಿಂತಾಗಲೆಲ್ಲ ಇಳಿದು ನಾಲ್ಕು ಹೆಜ್ಜೆ ಓಡಾಡಬೇಕು. ತೋಟದ ಭಾರದ ಕೆಲಸಗಳನ್ನು ಆ ಎರಡು ವಾರಗಳ ಆಚೆಗೆ ಇಟ್ಟುಕೊಳ್ಳುವುದನ್ನು ಪಂಚಾಂಗದಲ್ಲಿ ಮೊದಲೇ ಬರೆದಿರಬೇಕು.