ಈ ನಂಬರ್ ಬಂದು ಬಹಳ ದಿನ ಆಯ್ತಲ್ಲ!

ತಪ್ಪು ಕಲ್ಪನೆ: ಬಹಳ ದಿನದಿಂದ ಬಾರದ ನಂಬರ್ ಇನ್ನೇನು ಬಂದೇ ಬರುತ್ತದೆ.

ಸತ್ಯ: ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಂತಿತು, ಈ ಮಾತು ಮಾತ್ರ ನಿಂತಿಲ್ಲ. 49 ಚೆಂಡುಗಳಲ್ಲಿ ಆರನ್ನು ಎತ್ತುವ ಆಟವನ್ನೇ ತೆಗೆದುಕೊಳ್ಳಿ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ‘ರ‍್ಯಾಂಡಮ್.ಸ್ಯಾಂಪಲ್’ ಎಂದು ಒಂದು ಸಾಲು ಬರೆದರೆ ಸಾಕು, ಆರು ಸಂಖ್ಯೆ ಉದುರುತ್ತವೆ. 30 ಸಲ ಓಡಿಸಿ, ಬಂದ ಸಂಖ್ಯೆಗಳಿಗೆಲ್ಲ ಗೀಟು ಹಾಕುತ್ತ ಹೋಗಿ. ಒಮ್ಮೆಯೂ ಮುಖ ತೋರಿಸದ ಸಂಖ್ಯೆ ಸರಾಸರಿ ಒಂದು ಉಳಿದಿರುತ್ತದೆ. 31ನೇ ಸಲ ಅದಕ್ಕಿರುವ ಅವಕಾಶ ಉಳಿದವಕ್ಕೆ ಇರುವಷ್ಟೇ: 49ರಲ್ಲಿ 6.

ತಪ್ಪು ಕಲ್ಪನೆ: ಅಕ್ಕಪಕ್ಕದ ಸಂಖ್ಯೆ ಬಂದರೆ, ಹಳೇ ಸಾಲೇ ಮತ್ತೆ ಬಂದರೆ, ಮೋಸ ಗ್ಯಾರಂಟಿ.

ಸತ್ಯ: 2009ರ ಸೆಪ್ಟೆಂಬರ್ 6ರಂದು ಬಲ್ಗೇರಿಯಾದ ಲಾಟರಿಯಲ್ಲಿ 4, 15, 23, 24, 35, 42 ಬಂದವು. ನಾಲ್ಕೇ ದಿನಕ್ಕೆ, ಮುಂದಿನ ಡ್ರಾದಲ್ಲೇ, ಮತ್ತೆ ಅವೇ ಆರು! ಸಚಿವರು ತನಿಖೆಗೆ ಆದೇಶಿಸಿದರು, ಮೋಸವೇನೂ ಸಿಗಲಿಲ್ಲ. ಮೊದಲ ಸಲ ಆರೂ ಹೊಂದಿಸಿದವರು ಯಾರೂ ಇರಲಿಲ್ಲ, ಎರಡನೇ ಸಲ 18 ಮಂದಿ. ಹಳೇ ಸಂಖ್ಯೆಗೇ ದುಡ್ಡು ಕಟ್ಟಿದ ಆ ಪುಣ್ಯಾತ್ಮರ ಧೈರ್ಯ ದೊಡ್ಡದು.

23, 24ರಂಥ ಜೋಡಿಯಲ್ಲಂತೂ ವಿಶೇಷವೇ ಇಲ್ಲ. ಪ್ರೋಗ್ರಾಮನ್ನು ಹತ್ತು ಸಾವಿರ ಸಲ ಓಡಿಸಿದರೆ ಹೆಚ್ಚುಕಡಿಮೆ ಅರ್ಧ ಡ್ರಾಗಳಲ್ಲಿ ಅಂಥದ್ದೊಂದು ಸಿಗುತ್ತದೆ. ಇಡೀ ಸಾಲು ಮರುಕಳಿಸುವುದು? ಒಟ್ಟು ಸಾಲುಗಳು 1,39,83,816. ಆದರೂ ಪ್ರತಿ ಡ್ರಾವನ್ನು ಹಿಂದಿನ ಎಲ್ಲದರ ಜೊತೆ ಹೋಲಿಸುವಂತೆ ಇನ್ನೆರಡು ಸಾಲು ಕೋಡ್ ಸೇರಿಸಿ ನೋಡಿ: ಸುಮಾರು 4,400 ಡ್ರಾ ಮುಗಿಯುವಷ್ಟರಲ್ಲಿ ಹಳೆಯದೊಂದು ಮರಳಿರುವ ಸಾಧ್ಯತೆ ಅರ್ಧಕ್ಕರ್ಧ. ಅಷ್ಟು ಡ್ರಾಗಳ ನಡುವೆ ಹೋಲಿಸಬೇಕಾದ ಜೋಡಿಗಳೇ 96 ಲಕ್ಷ ದಾಟುತ್ತವೆ. ಬೆನ್ನುಬೆನ್ನಿಗೆ ಬಂದದ್ದು ಅಪರೂಪವೇ, ಒಪ್ಪೋಣ. ಆದರೆ ಲೋಕದಲ್ಲಿ ಲಾಟರಿ ಒಂದೇ ಅಲ್ಲವಲ್ಲ.

ತಪ್ಪು ಕಲ್ಪನೆ: ಕಂಪ್ಯೂಟರ್ ಎತ್ತಿದರೆ ಯಾರ ಕೈಚಳಕವೂ ನಡೆಯದು.

ಸತ್ಯ: ಪೈಥಾನ್‌ನ ಸಂಖ್ಯೆಗಳು ಒಂದು ಸೂತ್ರದಿಂದ ಹುಟ್ಟುತ್ತವೆ. ಆರಂಭದ ಬೀಜಸಂಖ್ಯೆ ಅದೇ ಕೊಟ್ಟರೆ ಅದೇ ಸಾಲು ಮತ್ತೆ ಬರುತ್ತದೆ. ಮನೆಯ ಪ್ರಯೋಗಕ್ಕೆ ಅಡ್ಡಿಯಿಲ್ಲ, ದುಡ್ಡಿನ ಆಟಕ್ಕೆ ಬೇಡ. ಅಮೆರಿಕದಲ್ಲಿ ಹಲವು ರಾಜ್ಯಗಳ ಲಾಟರಿ ಸಂಘದ ಭದ್ರತಾ ನಿರ್ದೇಶಕನಾಗಿದ್ದ ಎಡ್ಡಿ ಟಿಪ್ಟನ್, ವರ್ಷದ ಕೆಲವೇ ದಿನಗಳಲ್ಲಿ ಫಲಿತಾಂಶ ಊಹಿಸಲು ಬರುವಂಥ ಕೋಡನ್ನು ಸಂಖ್ಯೆ ಎತ್ತುವ ಕಂಪ್ಯೂಟರಿನೊಳಗೆ ಸೇರಿಸಿದ್ದ. 2010ರ ಡಿಸೆಂಬರ್‌ನ 1.65 ಕೋಟಿ ಡಾಲರ್ ಬಹುಮಾನದ ಟಿಕೆಟ್ಟನ್ನು ಅಂಗಡಿಯಲ್ಲಿ ತಾನೇ ನಿಂತು ಕೊಂಡ. ಅಲ್ಲೊಂದು ಸಿಸಿಟಿವಿ ಕ್ಯಾಮೆರಾ ಇತ್ತು.